ಸೆರೂ ಕಣಿವೆಯ ಮೇಲಿನ ಕೋರ್ಡ್

ಕೇಳುಗರಿಗೆ ನಮಸ್ಕಾರ.

ದಕ್ಷಿಣ ಫ್ರಾನ್ಸಿನ ತಾರ್ನ್ ಜಿಲ್ಲೆಯಲ್ಲಿ, ಆಲ್ಬಿ ನಗರದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಸೆರೂ ನದಿಯ ಕಣಿವೆಯಿಂದ ಒಂಟಿಯಾಗಿ ಮೇಲೆದ್ದ ಗುಡ್ಡದ ನೆತ್ತಿಯಲ್ಲಿ ಕೋರ್ಡ್-ಸ್ಯುರ್-ಸಿಯೆಲ್ ಎಂಬ ಪುಟ್ಟ ಊರಿದೆ. ಚಳಿಗಾಲ ಸಮೀಪಿಸಿದಾಗ ಮುಂಜಾನೆ ಕಣಿವೆಯೆಲ್ಲ ಮಂಜಿನಲ್ಲಿ ಮುಳುಗಿ ಊರೊಂದೇ ಮೇಲೆ ಕಾಣುವ ನೋಟಕ್ಕಾಗಿ ಇಂದು ದೂರದೂರದಿಂದ ಜನ ಬರುತ್ತಾರೆ. ಆ ಊರನ್ನು ಕಟ್ಟಿದವರಿಗಾದರೋ ಗುಡ್ಡ ಬೇಕಾಗಿದ್ದುದು ಜೀವ ಉಳಿಸಿಕೊಳ್ಳುವುದಕ್ಕೆ.

ಕ್ಯಾಥರ್ ಎಂಬ ಕ್ರೈಸ್ತ ಪಂಥದವರನ್ನು ಧರ್ಮದ್ರೋಹಿಗಳೆಂದು ಸಾರಿದ ರೋಮಿನ ಚರ್ಚು, ಅವರನ್ನು ಹತ್ತಿಕ್ಕಲು 1209ರಲ್ಲಿ ಆರಂಭಿಸಿದ ಯುದ್ಧದಲ್ಲಿ ಈ ಸೀಮೆಯ ಎಷ್ಟೋ ಊರುಗಳು ನೆಲಸಮವಾದವು. ಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1222ರಲ್ಲಿ, ತುಲೂಸಿನ ಕೌಂಟ್ ಏಳನೆಯ ರೇಮಂಡ್ ಇಲ್ಲಿ ಹೊಸ ಊರೊಂದನ್ನು ಸ್ಥಾಪಿಸಿ, ನೆಲಸಲು ಬಂದವರಿಗೆ ತೆರಿಗೆಯ ವಿನಾಯಿತಿಗಳನ್ನು ಸನ್ನದಿನ ಮೂಲಕ ಕೊಟ್ಟನು. ರಕ್ಷಣೆಯೂ ರಿಯಾಯಿತಿಯೂ ಒಟ್ಟಿಗೆ ದೊರೆತ ಮೇಲೆ ಬಟ್ಟೆ ಮತ್ತು ತೊಗಲಿನ ವ್ಯಾಪಾರ ಕುದುರಿತು. ಊರು ತನ್ನ ಕೋಟೆಗೋಡೆಯನ್ನು ಮೀರಿ ಇಳಿಜಾರಿನಲ್ಲಿ ಹಬ್ಬಿತು.

ಇಂದು ಕಡಿದಾದ ಕಲ್ಲುಹಾಸಿನ ದಾರಿಯಲ್ಲಿ ಒಂದಾದ ಮೇಲೊಂದು ಹೆಬ್ಬಾಗಿಲನ್ನು ದಾಟಿ ಮೇಲೇರುವವರಿಗೆ ಆ ಬೆಳವಣಿಗೆಯ ಕಥೆ ಕೆಳಗಿನಿಂದ ಹಿಂದುಮುಂದಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ವಾಹನವನ್ನು ತಪ್ಪಲಿನಲ್ಲೇ ಬಿಟ್ಟು ನಡೆದು ಹತ್ತುವುದೇ ಸರಿಯೆಂದು ನಾನು ನಂಬುತ್ತೇನೆ.

ಮೇಲಿನ ಮುಖ್ಯ ಬೀದಿಯಲ್ಲಿ ಸಿರಿವಂತ ವರ್ತಕರು ಕಟ್ಟಿಸಿದ, ಚೂಪು ಕಮಾನುಗಳ ಗಾಥಿಕ್ ಶೈಲಿಯ ಮನೆಗಳಿವೆ. ‘ಗ್ರಾಂ ವೆನರ್’ ಎಂಬ ಮನೆಯ ಮುಂದೆ ನಿಂತು ಕತ್ತೆತ್ತಿ ನೋಡಬೇಕು. ಕಮಾನು ಕಿಟಕಿಗಳ ನಡುವಿನ ಗೋಡೆಯಿಂದ ಬೇಟೆಗಾರರೂ ನಾಯಿಗಳೂ ಕಾಡುಹಂದಿಯೂ ಮೊಲವೂ ಉಬ್ಬುಶಿಲ್ಪಗಳಾಗಿ ಹೊರಚಾಚಿವೆ. ಬೇಟೆ ಅಂದಿನ ಸಮಾಜದಲ್ಲಿ ಕುಲೀನರ ಭೋಗ. ಅದನ್ನು ಬೀದಿಗೆ ಕಾಣುವಂತೆ ಕೆತ್ತಿಸಿಕೊಂಡ ಮನೆಯೊಡೆಯನ ಹೆಬ್ಬಯಕೆ ಆ ಕಲ್ಲಿನಲ್ಲಿ ಎದ್ದು ಕಾಣುತ್ತದೆ. ಸ್ವಲ್ಪ ದೂರದಲ್ಲಿ 24 ಎಂಟುಮೂಲೆಯ ಕಂಬಗಳ ಮೇಲೆ ನಿಂತ ಸಂತೆಚಾವಡಿಯಿದೆ. ಅದರ ಕೆಳಗೆ ಬಂಡೆಯನ್ನು ಕೊರೆದು ನೂರು ಮೀಟರಿಗೂ ಹೆಚ್ಚು ಆಳಕ್ಕೆ ತೋಡಿದ ಬಾವಿಯಿದೆ. ಮುತ್ತಿಗೆ ಬಿದ್ದರೆ ನೀರಿಗಾಗಿ ನದಿಗೆ ಇಳಿಯುವಂತಿಲ್ಲವಲ್ಲ! ಯಂತ್ರವಿಲ್ಲದ ಕಾಲದಲ್ಲಿ ಅಷ್ಟು ಆಳದಲ್ಲಿ ಕಲ್ಲು ಕಡಿದವರನ್ನು ನೆನೆದರೆ, ಶಿಲ್ಪಗಳಿಗಿಂತ ಆ ಬಾವಿಯೇ ಹೆಚ್ಚಿನದೆನಿಸುತ್ತದೆ.

ಮುಂದೆ ಪ್ಲೇಗ್ ಬಂತು, ಯುದ್ಧಗಳು ಬಂದವು, ವ್ಯಾಪಾರ ಬೇರೆ ದಾರಿ ಹಿಡಿಯಿತು. ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟುವಷ್ಟು ಹಣ ಊರಿನಲ್ಲಿ ಉಳಿಯಲಿಲ್ಲ. ಆ ಬಡತನದಿಂದಲೇ ಶಿಲ್ಪಗಳು ಉಳಿದುಕೊಂಡವೆಂದರೆ ತಪ್ಪಾಗದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನಿಂದ ತರಿಸಿದ ಕಸೂತಿ ಯಂತ್ರಗಳು ಕೆಲಕಾಲ ಇಲ್ಲಿನವರ ಹೊಟ್ಟೆ ಹೊರೆದವು. ಆ ಉದ್ಯಮವೂ ಕುಸಿದ ಮೇಲೆ, 1940ರಲ್ಲಿ ಚಿತ್ರಕಾರ ಈವ್ ಬ್ರೆಯರ್ ಇಲ್ಲಿಗೆ ಬಂದರು. ಅವರೊಂದಿಗೂ ಅವರ ಬೆನ್ನಿಗೂ ಬಂದ ಕಲಾವಿದರು, ಕುಶಲಕರ್ಮಿಗಳು ಪಾಳುಬಿದ್ದ ಮನೆಗಳಲ್ಲಿ ಮತ್ತೆ ದೀಪ ಹಚ್ಚಿದರು.