ಕಾರಿಗೆ ಅಗ್ಗದ ಕೂಲರ್ ಡಬ್ಬ: ಬೆಳಿಗ್ಗೆ ಕಟ್ಟಿದ ಮೊಸರನ್ನ ಮಧ್ಯಾಹ್ನಕ್ಕೂ ಚೆನ್ನಾಗಿರಬೇಕಾದರೆ

[ದೃಶ್ಯ: ಚಿತ್ರದುರ್ಗ ಕೋಟೆಯ ಹತ್ತಿರ ನಿಂತ ಕಾರು. ಮಧ್ಯಾಹ್ನದ ಬಿಸಿಲು. ಹಿಂದಿನ ಬಾಗಿಲು ತೆರೆಯುತ್ತದೆ. ಸೀಟಿನ ಮೇಲೆ ನೀಲಿ ಬಣ್ಣದ ಚಿಕ್ಕ ಡಬ್ಬ.]

ನಮಸ್ಕಾರ. ಹೋದ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗಿದ್ದೆವು. ಅಮ್ಮ, ನನ್ನ ಹೆಂಡತಿ, ಆರು ವರ್ಷದ ಮಗಳು, ನಾನು. ಬೆಳಿಗ್ಗೆ ಹೊರಟು ರಾತ್ರಿ ವಾಪಸ್. ಒಂದು ಕಡೆಗೆ ಸುಮಾರು 200 ಕಿಲೋಮೀಟರ್. ಅದರ ಹಿಂದಿನ ವಾರವಷ್ಟೇ ಈ ಡಬ್ಬ ಕೊಂಡಿದ್ದೆ. ಕಾರಿನ ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವಂಥದ್ದು, ಏಳೂವರೆ ಲೀಟರಿನದು, 3,200 ರೂಪಾಯಿ.

ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಮೊಸರನ್ನ ಕಲಸಿ, ಒಗ್ಗರಣೆ ಹಾಕಿ, ಬಿಸಿ ಆರುವ ಮೊದಲೇ ಡಬ್ಬಿಗೆ ತುಂಬಿದ್ದರು. ನಾನು ಅಡುಗೆಮನೆಯ ಕಟ್ಟೆ ಮೇಲಿದ್ದ ನೀರಿನ ಬಾಟಲಿಗಳನ್ನು ಹಾಗೇ ಒಳಗಿಟ್ಟೆ. ಜೊತೆಗೆ ಮಜ್ಜಿಗೆ. ಮುಚ್ಚಳ ಹಾಕಿದೆ, ಸಾಕೆಟ್‌ಗೆ ಸಿಕ್ಕಿಸಿದೆ, ಹಸಿರು ದೀಪ ಹತ್ತಿತು. ಹನ್ನೊಂದಕ್ಕೆ ಕೋಟೆ ತಲುಪಿ, ಕಾರು ಬಿಸಿಲಲ್ಲಿ ನಿಲ್ಲಿಸಿ ಹತ್ತಿದೆವು. ಒನಕೆ ಓಬವ್ವನ ಕಿಂಡಿ, ಅಕ್ಕ ತಂಗಿ ಹೊಂಡ ಎಲ್ಲ ನೋಡಿಕೊಂಡು ಇಳಿಯುವಾಗ ಎರಡು ಗಂಟೆ. ಮುಚ್ಚಳ ತೆಗೆದರೆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಮೊಸರನ್ನ ನೊರೆ ಎದ್ದಿತ್ತು. ನೀರು ಕಾದಿತ್ತು. ಮಗಳಿಗೆ ಹಸಿವು. ಅಮ್ಮ ಏನೂ ಹೇಳಲಿಲ್ಲ, ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು. ನನಗೆ ತುಂಬಾ ಬೇಜಾರಾಯಿತು.

ಆಮೇಲೆ ನಾನು ಒಂದು ಚಿಕ್ಕ ಡಿಜಿಟಲ್ ಥರ್ಮಾಮೀಟರ್ ತಂದು, ಕೆಲವು ವಾರ ಈ ಡಬ್ಬವನ್ನು ಮನೆಯಲ್ಲೂ ಕಾರಿನಲ್ಲೂ ಅಳೆದು ನೋಡಿದೆ. ಡಬ್ಬದಲ್ಲಿ ದೋಷವೇನೂ ಇರಲಿಲ್ಲ. ಅದರಿಂದ ಆಗದ ಕೆಲಸವನ್ನು ನಾನು ಅದಕ್ಕೆ ಹೇಳಿದ್ದೆ. ಆ ಕೆಲಸ ಯಾವುದು, ಅದಕ್ಕೆ ಆಗುವ ಕೆಲಸ ಯಾವುದು, ಇವತ್ತು ಅದನ್ನೇ ನೋಡೋಣ.

[ದೃಶ್ಯ: ಮೇಜಿನ ಮೇಲೆ ಡಬ್ಬದ ಮುಚ್ಚಳ ಬಿಚ್ಚಿಟ್ಟಿದೆ. ಕ್ಯಾಮೆರಾ ಹತ್ತಿರ ಹೋಗುತ್ತದೆ. ಬೆರಳುಗಳ ನಡುವೆ ಚೌಕಾಕಾರದ ಬಿಳಿ ಬಿಲ್ಲೆ, ಕೆಂಪು ಕಪ್ಪು ಎರಡು ವೈರು.]

ಇದನ್ನು ನೋಡಿ. ನಾಲ್ಕು ಸೆಂಟಿಮೀಟರ್ ಅಗಲ, ನಾಲ್ಕು ಸೆಂಟಿಮೀಟರ್ ಉದ್ದ. ದಪ್ಪ ನಾಲ್ಕು ಮಿಲಿಮೀಟರ್ ಕೂಡ ಇಲ್ಲ. ಮನೆಯ ಫ್ರಿಜ್ಜಿನ ಹಿಂದೆ ಗುಂಯ್ ಅನ್ನುವ ಕಂಪ್ರೆಸರ್ ಇರುತ್ತದಲ್ಲ, ಅದರ ಜಾಗದಲ್ಲಿ ಇಲ್ಲಿರುವುದು ಈ ಬಿಲ್ಲೆ. ಹೆಸರು ಪೆಲ್ಟಿಯರ್ ಮಾಡ್ಯೂಲ್. ಒಳಗೆ ಗ್ಯಾಸ್ ಇಲ್ಲ, ಎಣ್ಣೆ ಇಲ್ಲ, ತಿರುಗುವ ಭಾಗವೂ ಇಲ್ಲ. ಎರಡು ಬಿಳಿ ಹಾಳೆಗಳ ನಡುವೆ ಬಿಸ್ಮತ್ ಟೆಲ್ಯುರೈಡ್ ಎಂಬ ವಸ್ತುವಿನ ಸಣ್ಣ ಸಣ್ಣ ಕಂಬಗಳು ಜೋಡಿ ಜೋಡಿಯಾಗಿ ನಿಂತಿವೆ. ಸಾಮಾನ್ಯವಾಗಿ ಬಳಸುವ ಬಿಲ್ಲೆಯಲ್ಲಿ 127 ಜೋಡಿ. ಕರೆಂಟ್ ಹರಿದಾಗ ಅದು ಒಂದು ಮುಖದ ಶಾಖವನ್ನು ಎತ್ತಿಕೊಂಡು ಇನ್ನೊಂದು ಮುಖಕ್ಕೆ ಸಾಗಿಸುತ್ತದೆ. ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ.

ಇದನ್ನು ಮೊದಲು ಗಮನಿಸಿದವರು ಫ್ರಾನ್ಸಿನ ಪೆಲ್ಟಿಯರ್, 1834ರಲ್ಲಿ. ಮೊದಲು ಗಡಿಯಾರ ಮಾಡುವ ಕೆಲಸದಲ್ಲಿದ್ದವರು, ಆಮೇಲೆ ವಿಜ್ಞಾನಕ್ಕೆ ಬಂದರು. ನಾಲ್ಕು ವರ್ಷದ ನಂತರ ಲೆಂಜ್ ಎಂಬ ವಿಜ್ಞಾನಿ ಬಿಸ್ಮತ್ ಮತ್ತು ಆಂಟಿಮನಿ ಕೂಡುವ ಜಾಗದಲ್ಲಿ ಒಂದು ಹನಿ ನೀರಿಟ್ಟು ಕರೆಂಟ್ ಹರಿಸಿದರು. ಹನಿ ಹೆಪ್ಪುಗಟ್ಟಿತು. ಕರೆಂಟನ್ನು ಹಿಂದುಮುಂದು ಮಾಡಿದರು. ಕರಗಿತು. ನನಗೆ ಈ ಪ್ರಯೋಗ ಬಹಳ ಇಷ್ಟ, ಏಕೆಂದರೆ ನಮ್ಮ ಡಬ್ಬದ ಮೇಲಿರುವ ಸ್ವಿಚ್ ಮಾಡುವುದೂ ಇಷ್ಟೇ. ಒಂದು ಕಡೆ ತಳ್ಳಿದರೆ ತಂಪು, ಇನ್ನೊಂದು ಕಡೆ ತಳ್ಳಿದರೆ ಬಿಸಿ. ಹೆಚ್ಚಿನ ಡಬ್ಬಗಳಲ್ಲಿ ಹಸಿರು ದೀಪ ಅಂದರೆ ತಂಪು, ಕೆಂಪು ಅಂದರೆ ಬಿಸಿ. ಹೊರಡುವಾಗ ದೀಪದ ಬಣ್ಣ ನೋಡಿಕೊಳ್ಳಿ. ಸಾಮಾನು ಜೋಡಿಸುವಾಗ ಚೀಲ ತಗುಲಿ ಸ್ವಿಚ್ ಜರುಗುತ್ತದೆ.

ಸರಿ, ಬಿಲ್ಲೆ ಎತ್ತಿದ ಶಾಖ ಎಲ್ಲಿಗೆ ಹೋಗುತ್ತದೆ? ಕಾರಿನ ಒಳಗಿನ ಗಾಳಿಗೆ. ಹಿಂಭಾಗದ ಫ್ಯಾನ್ ಅದನ್ನೇ ಊದಿ ಹೊರಗೆ ಹಾಕುತ್ತಿರುತ್ತದೆ. ಇಂಥ ಡಬ್ಬ ತನ್ನ ಸುತ್ತಲಿನ ಗಾಳಿಗಿಂತ ಸುಮಾರು 15ರಿಂದ 20 ಡಿಗ್ರಿಯಷ್ಟು ಮಾತ್ರ ಕೆಳಗಿಳಿಯಬಲ್ಲದು. ರಟ್ಟಿನ ಪೆಟ್ಟಿಗೆಯ ಮೇಲೆ ಇದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಏಸಿ ಹಾಕಿದ ಕಾರಿನೊಳಗೆ 25 ಡಿಗ್ರಿ ಇದ್ದರೆ ಡಬ್ಬದೊಳಗೆ 7, 8 ಡಿಗ್ರಿವರೆಗೂ ಬರಬಹುದು. ಅದೇ ಡಬ್ಬವನ್ನು 40 ಡಿಗ್ರಿ ಕಾದ ಡಿಕ್ಕಿಯಲ್ಲಿಟ್ಟರೆ 22ಕ್ಕೇ ನಿಲ್ಲುತ್ತದೆ. ಹಾಗಾಗಿ ಇದನ್ನು ಡಿಕ್ಕಿಗೆ ಹಾಕಬೇಡಿ. ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ, ಏಸಿ ಗಾಳಿ ತಾಗುವ ಕಡೆ ಇಡಿ. ಫ್ಯಾನಿನ ಬಾಯಿಗೆ ಟವೆಲ್, ಬ್ಯಾಗ್ ಏನೂ ಅಡ್ಡ ಬರಬಾರದು. ಫ್ಯಾನಿಗೆ ಉಸಿರು ಕಟ್ಟಿದರೆ ಹೊರಗೆ ಹೋಗಬೇಕಾದ ಶಾಖ ಬಿಲ್ಲೆಯ ಮೂಲಕವೇ ಒಳಗೆ ಬರುತ್ತದೆ.

[ದೃಶ್ಯ: ಥರ್ಮಾಮೀಟರಿನ ಅಂಕಿಗಳು. ಪಕ್ಕದಲ್ಲಿ ಗಡಿಯಾರ.]

ಈಗ ನನ್ನ ಅಳತೆಗಳು. ಮನೆಯಲ್ಲಿ 30 ಡಿಗ್ರಿ. ಖಾಲಿ ಡಬ್ಬ ಎರಡು ಗಂಟೆಯಲ್ಲಿ 13ಕ್ಕೆ ಇಳಿಯಿತು. ಖುಷಿಯಾಯಿತು. ಮರುದಿನ ಅರ್ಧ ಲೀಟರಿನ ಆರು ಬಾಟಲಿ, ಅಂದರೆ ಮೂರು ಲೀಟರ್ ನೀರು, ಅದೇ 30 ಡಿಗ್ರಿಯದು, ಒಳಗಿಟ್ಟೆ. ಎರಡು ಗಂಟೆ ಕಳೆದರೂ ನೀರು 22. ನಾಲ್ಕು ಗಂಟೆಗೆ 17.

ಯಾಕೆ ಇಷ್ಟು ನಿಧಾನ? ಲೆಕ್ಕ ಸುಲಭ, ನನ್ನ ಜೊತೆ ಬನ್ನಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು ಸುಮಾರು 4.2 ಕಿಲೋಜೂಲ್ ಶಾಖ ತೆಗೆಯಬೇಕು. ಮೂರು ಲೀಟರನ್ನು 30ರಿಂದ 10ಕ್ಕೆ ತರಲು ಸುಮಾರು 250 ಕಿಲೋಜೂಲ್. ಡಬ್ಬ ಕಾರಿನಿಂದ 48 ವಾಟ್ ಎಳೆದರೂ ಗೋಡೆಯಿಂದ ಸೋರುವುದನ್ನೆಲ್ಲ ಕಳೆದು ನೀರಿನಿಂದ ತೆಗೆಯುವುದು 15 ವಾಟ್ ಆಸುಪಾಸು. ಆ ಲೆಕ್ಕಕ್ಕೆ ನಾಲ್ಕೂವರೆ ಗಂಟೆಗಿಂತ ಜಾಸ್ತಿ ಬೇಕು. ಅಷ್ಟರಲ್ಲಿ ನಾವು ಚಿತ್ರದುರ್ಗ ದಾಟಿರುತ್ತೇವೆ.

ಈಗ ಮಂಜುಗಡ್ಡೆ ತಗೊಳ್ಳಿ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಹೀರಿಕೊಳ್ಳುತ್ತದೆ. ಅಂದರೆ ಈ ಡಬ್ಬ ಇಡೀ ಬೆಳಿಗ್ಗೆ ಓಡಿ ಮಾಡುವ ಕೆಲಸವನ್ನು ಮುಕ್ಕಾಲು ಕಿಲೋ ಮಂಜುಗಡ್ಡೆ ಮಾಡಿಬಿಡುತ್ತದೆ. ಅದೂ ನಿಮ್ಮ ಮನೆಯ ಫ್ರೀಜರಿನಲ್ಲಿ, ನೀವು ಮಲಗಿದ್ದಾಗ ತಯಾರಾಗುವಂಥದ್ದು.

ಈ ಲೆಕ್ಕ ಕಾಗದದ ಮೇಲೆ ಕಂಡಾಗಲೇ ನನಗೆ ವಿಷಯ ಹೊಳೆದದ್ದು. ತಣ್ಣಗೆ ಮಾಡುವ ಕೆಲಸ ಮನೆಯ ಫ್ರಿಜ್ಜಿನದು. ಅದನ್ನು ದಾರಿಯುದ್ದಕ್ಕೂ ಕಾಯುವ ಕೆಲಸ ಈ ಡಬ್ಬದ್ದು.

[ದೃಶ್ಯ: ರಾತ್ರಿ, ಅಡುಗೆಮನೆ. ಫ್ರೀಜರ್ ಬಾಗಿಲು ತೆರೆದಿದೆ.]

ನಾವು ಈಗ ಹೇಗೆ ಮಾಡುತ್ತೇವೆ ಅಂದರೆ, ಹಿಂದಿನ ರಾತ್ರಿ ಅರ್ಧ ಲೀಟರಿನ ಎರಡು ಬಾಟಲಿಗೆ ಮುಕ್ಕಾಲಕ್ಕಿಂತ ಸ್ವಲ್ಪ ಮೇಲೆ ನೀರು ತುಂಬಿ ಫ್ರೀಜರಿಗೆ ಇಡುತ್ತೇವೆ. ಪೂರ್ತಿ ತುಂಬಬಾರದು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಉಬ್ಬುತ್ತದೆ, ಬಾಟಲಿ ಬಿರಿಯುತ್ತದೆ. ಕುಡಿಯುವ ನೀರು, ಮಜ್ಜಿಗೆ, ಹೆಚ್ಚಿದ ಹಣ್ಣು ಎಲ್ಲ ರಾತ್ರಿಯೇ ಫ್ರಿಜ್ಜಿಗೆ. ಖಾಲಿ ಡಬ್ಬವನ್ನು ಗೋಡೆಯ ಪ್ಲಗ್ಗಿಗೆ ಹಾಕುವ ವೈರ್ ಜೊತೆಗೆ ಬಂದಿದ್ದರೆ ಹೊರಡುವ ಎರಡು ಗಂಟೆ ಮೊದಲೇ ಹಚ್ಚಿಡಿ. ಬಾಟಲಿಗಳನ್ನು ಒಳಗಿನ ಅಲ್ಯೂಮಿನಿಯಂ ತಗಡಿಗೆ ಒತ್ತಿ ತುರುಕಬೇಡಿ. ಗಾಳಿ ಓಡಾಡಲು ಒಂದು ಬೆರಳಷ್ಟು ಸಂದು ಇರಲಿ.

ಮೊಸರನ್ನದ ವಿಷಯ ಅಮ್ಮ ಹೇಳಿಕೊಟ್ಟದ್ದು. ಪ್ರಯಾಣಕ್ಕೆ ಕಟ್ಟುವ ಮೊಸರನ್ನಕ್ಕೆ ಮೊಸರು ಸುರಿಯುವುದಿಲ್ಲ. ಅನ್ನವನ್ನು ಚೆನ್ನಾಗಿ ಮಸೆದು, ಆರಿದ ಮೇಲೆ, ಕಾಯಿಸಿ ಆರಿಸಿದ ಹಾಲು ಹಾಕಿ, ಒಂದೇ ಒಂದು ಚಮಚ ಮೊಸರು ಬೆರೆಸುವುದು. ಊಟದ ಹೊತ್ತಿಗೆ ಅದು ಹದವಾಗಿ ಹೆತ್ತುಕೊಂಡಿರುತ್ತದೆ, ಹುಳಿ ಬಂದಿರುವುದಿಲ್ಲ. ಆ ದಿನ ನಾನೇ ಅವಸರ ಮಾಡಿ, ಸುಮ್ನೆ ಮೊಸರೇ ಹಾಕಿಬಿಡಮ್ಮ, ಹೇಗೂ ಕೂಲರ್ ಇದೆ ಅಂದಿದ್ದೆ. ಅಮ್ಮನ ಕ್ರಮದಲ್ಲಿ ಹಾಲು ಹಾಕಿ ಕಟ್ಟಿದ್ದನ್ನು ಡಬ್ಬದಲ್ಲಿ ಬೇರೆ ಇಡಬೇಕು, ಮಂಜುಗಡ್ಡೆಯ ಬಾಟಲಿಯಿಂದ ಸ್ವಲ್ಪ ದೂರ. ತೀರಾ ತಣ್ಣಗಾದರೆ ಹೆತ್ತುಕೊಳ್ಳುವುದಿಲ್ಲ, ಹಾಲನ್ನದಂತೆಯೇ ಉಳಿಯುತ್ತದೆ. ಮಾಂಸ, ಮೊಟ್ಟೆ, ಪನೀರ್ ಕಟ್ಟಿಕೊಂಡು ಹೋಗುವವರು ಇನ್ನೂ ಎಚ್ಚರವಾಗಿರಬೇಕು. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಸೂಕ್ಷ್ಮಜೀವಿಗಳು ಬೇಗ ಹೆಚ್ಚುತ್ತವೆ. ಈ ಡಬ್ಬ ಬಹುಪಾಲು ಹೊತ್ತು 5ರ ಮೇಲೆಯೇ ಇರುತ್ತದೆ. ಮಕ್ಕಳಿಗೆ ಕೊಡುವ ಇಂಥ ಊಟವನ್ನು ಇದರ ಮೇಲೆ ನಂಬಿಕೆ ಇಟ್ಟು ಮಧ್ಯಾಹ್ನದವರೆಗೆ ಉಳಿಸಬೇಡಿ.

ಇನ್ಸುಲಿನ್‌ಗೂ ಅಷ್ಟೇ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಈ ಅಗ್ಗದ ಡಬ್ಬಗಳಲ್ಲಿ ಹೆಚ್ಚಿನವುಗಳಿಗೆ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ವ್ಯವಸ್ಥೆ ಇಲ್ಲ. ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದರೆ ಆ ಔಷಧ ಬಳಸುವಂತಿಲ್ಲ. ಹೊರಡುವ ಮೊದಲು ನಿಮ್ಮ ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ.

[ದೃಶ್ಯ: ನಿಂತ ಕಾರು, ಕೀ ತಿರುಗಿಸಿ ಆಫ್ ಮಾಡುವ ಕೈ. ಡಬ್ಬದ ಹಸಿರು ದೀಪ ಆರುತ್ತದೆ.]

ಇನ್ನು ನಿಜವಾದ ಕಷ್ಟ ಕಾರು ನಿಂತಾಗ. ಒಂದು ದಿನದ ಪ್ರವಾಸ ಅಂದರೆ ಕಾರು ಓಡುವುದಕ್ಕಿಂತ ನಿಲ್ಲುವುದೇ ಮುಖ್ಯ, ಅಲ್ವಾ? ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುವುದು ನಮ್ಮ ಬೇಸಿಗೆಯಲ್ಲಿ ಮಾಮೂಲು. ಎಷ್ಟೋ ಕಾರುಗಳಲ್ಲಿ ಕೀ ಆಫ್ ಆದ ತಕ್ಷಣ ಸಾಕೆಟ್ ಕೂಡ ಆಫ್. ಆಗ ಆ ಬಿಳಿ ಬಿಲ್ಲೆ ತಿರುಗಿಬೀಳುತ್ತದೆ. ಕರೆಂಟ್ ಇಲ್ಲದಿದ್ದಾಗ ಅದು ಹೊರಗಿನ ತಗಡಿಗೂ ಒಳಗಿನ ತಗಡಿಗೂ ನಡುವಿನ ಸೇತುವೆ. ಹೊರಗಿನ ಬಿಸಿ ಅದನ್ನೇ ದಾಟಿ ಒಳಗೆ ಬರುತ್ತದೆ. ಅದಕ್ಕೇ ಆಫ್ ಆಗಿರುವ ಈ ಡಬ್ಬ ಸಾದಾ ಥರ್ಮಾಕೋಲ್ ಪೆಟ್ಟಿಗೆಗಿಂತ ಬೇಗ ಕಾಯುತ್ತದೆ.

ಕೆಲವು ಕಾರುಗಳಲ್ಲಿ ಕೀ ತೆಗೆದರೂ ಸಾಕೆಟ್ ಜೀವಂತವಾಗಿರುತ್ತದೆ. ಒಳ್ಳೆಯದೇ ಆಯಿತು ಅಂದುಕೊಳ್ಳಬೇಡಿ. ಡಬ್ಬ 4 ಆಂಪಿಯರ್ ಕರೆಂಟ್ ಎಳೆಯುತ್ತದೆ. ಮೂರು ಗಂಟೆಗೆ 12 ಆಂಪಿಯರ್-ಅವರ್. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಇರುತ್ತದೆ, ಹಳೆಯದಾದರೆ ಅಷ್ಟೂ ಇರುವುದಿಲ್ಲ. ನಮ್ಮ ಭಾವ ಹೀಗೇ ಬಿಟ್ಟುಹೋಗಿ, ಸಂಜೆ ಹಳ್ಳಿಯ ಹುಡುಗರ ಕೈಯಲ್ಲಿ ಕಾರು ತಳ್ಳಿಸಬೇಕಾಯಿತು. ಎಂಜಿನ್ ನಿಂತರೆ ಪ್ಲಗ್ ಕಿತ್ತುಬಿಡಿ.

ಕಿತ್ತ ಮೇಲೆ ಕಂಬಳಿ ಹೊದಿಸಿ. ಹೌದು, ಕಂಬಳಿ. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಶಾಖ ಆ ಕಡೆಯಿಂದ ಈ ಕಡೆಗೆ ದಾಟುವುದನ್ನು ತಡೆಯುತ್ತದೆ ಅಷ್ಟೇ. ಚಳಿಯಲ್ಲಿ ಮೈಯ ಬಿಸಿ ಹೊರಹೋಗದಂತೆ, ಬಿಸಿಲಲ್ಲಿ ಹೊರಗಿನ ಬಿಸಿ ಒಳಬರದಂತೆ. ಫ್ಯಾನ್ ಇರುವ ಕಡೆ ದಪ್ಪಗೆ ಎರಡು ಸುತ್ತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಂಬಳಿಗೆ ಹೆಸರಿದೆ, ನಮ್ಮ ಮನೆಯಲ್ಲಿರುವುದೂ ಅಲ್ಲಿಯದೇ. ಮತ್ತೆ ಕಾರು ಶುರುಮಾಡಿ ಪ್ಲಗ್ ಹಾಕುವಾಗ ಕಂಬಳಿ ತೆಗೆಯಲು ಮಾತ್ರ ಮರೆಯಬೇಡಿ.

ದಿನವಿಡೀ ಕಾರು ನಿಂತೇ ಇರುತ್ತದೆ ಅನ್ನುವ ಪ್ರವಾಸವಾದರೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಈ ಡಬ್ಬ ಕೊಳ್ಳಬೇಡಿ. ಮೀನು ಮಾರುವವರ ಹತ್ತಿರ ಇರುತ್ತದಲ್ಲ, ಅಂಥ ದಪ್ಪ ಗೋಡೆಯ ಥರ್ಮಾಕೋಲ್ ಪೆಟ್ಟಿಗೆ, ಎರಡು ಮಂಜುಗಡ್ಡೆ ಬಾಟಲಿ. ಸಾಕು. ದಾರಿ ಉದ್ದ ಇದ್ದು, ನಿಂತು ನಿಂತು ಹೋಗುವವರಿಗೆ, ವಾಪಸ್ ಬರುವಾಗಲೂ ತಣ್ಣನೆಯ ನೀರು ಬೇಕು ಅನ್ನುವವರಿಗೆ ಈ ಡಬ್ಬ ಉಪಯೋಗಕ್ಕೆ ಬರುತ್ತದೆ. ಕಂಪ್ರೆಸರ್ ಇರುವ ಕಾರ್ ಫ್ರಿಜ್ಜುಗಳೂ ಸಿಗುತ್ತವೆ, ನಿಜವಾಗಿ ಮಂಜುಗಡ್ಡೆ ಮಾಡುತ್ತವೆ, ಆದರೆ ಬೆಲೆ ಹಲವು ಪಟ್ಟು. ವರ್ಷಕ್ಕೆ ನಾಲ್ಕು ಸಲ ಹೊರಡುವ ನಮ್ಮಂಥವರಿಗೆ ಅದು ಬೇಡ.

ಹಿಂದೆ ಲಾರಿಗಳ ಮುಂದೆ ಕ್ಯಾನ್ವಾಸ್ ನೀರಿನ ಚೀಲ ನೇತಾಡುತ್ತಿತ್ತು. ಬಟ್ಟೆಯಿಂದ ಜಿನುಗುವ ನೀರು ಗಾಳಿಗೆ ಆರುತ್ತಾ ಒಳಗಿನ ನೀರನ್ನು ತಂಪು ಮಾಡುತ್ತಿತ್ತು. ಹಿರಿಯೂರು, ಚಳ್ಳಕೆರೆಯಂಥ ಒಣ ಸೀಮೆಯಲ್ಲಿ ಈಗಲೂ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿ ಗಾಳಿಗೆ ಇಟ್ಟು ನೋಡಿ. ಮಂಗಳೂರು, ಕಾರವಾರದ ಕಡೆ ಗಾಳಿಯಲ್ಲೇ ತೇವ ಜಾಸ್ತಿ, ಅಲ್ಲಿ ಇದು ಅಷ್ಟಾಗಿ ನಡೆಯುವುದಿಲ್ಲ.

[ದೃಶ್ಯ: ಅದೇ ಕೋಟೆ, ಈ ವರ್ಷ. ಬೇವಿನ ಮರದ ಕೆಳಗೆ ಕಾರು. ಕಂಬಳಿ ಸರಿಸುವ ಪುಟ್ಟ ಕೈಗಳು.]

ಈ ಏಪ್ರಿಲ್‌ನಲ್ಲಿ ಮತ್ತೆ ಅಲ್ಲಿಗೇ ಹೋದೆವು. ಅದೇ ಡಬ್ಬ. ಹಿರಿಯೂರಿನಲ್ಲಿ ನೋಡಿದಾಗ 6 ಡಿಗ್ರಿ. ಹನ್ನೊಂದಕ್ಕೆ ಮರದ ನೆರಳಲ್ಲಿ ನಿಲ್ಲಿಸಿ, ಗಾಜು ಒಂದು ಬೆರಳಷ್ಟು ಇಳಿಸಿ, ಪ್ಲಗ್ ಕಿತ್ತು, ಕಂಬಳಿ ಹೊದಿಸಿ ಹತ್ತಿದೆವು. ಎರಡಕ್ಕೆ ಇಳಿದು ಬಂದಾಗ ಥರ್ಮಾಮೀಟರ್ 12 ತೋರಿಸುತ್ತಿತ್ತು. ಮಂಜುಗಡ್ಡೆಯ ಬಾಟಲಿಯೊಳಗೆ ಹೆಬ್ಬೆರಳು ಗಾತ್ರದ ತುಂಡೊಂದು ಇನ್ನೂ ತೇಲುತ್ತಿತ್ತು. ಮಗಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಅಜ್ಜಿ, ಟಕ್ ಟಕ್ ಅಂತಿದೆ ಕೇಳಿ ಅಂದಳು. ಅಮ್ಮ ಮೊಸರನ್ನದ ಡಬ್ಬಿ ತೆರೆದು ಮೊದಲು ಮೂಗಿನ ಹತ್ತಿರ ಹಿಡಿದರು. ಆಮೇಲೆ ತಟ್ಟೆ ಕೊಡಿ ಅಂದರು.

[ದೃಶ್ಯ: ರಾತ್ರಿ, ಮನೆ. ಒದ್ದೆ ಬಟ್ಟೆಯಿಂದ ಡಬ್ಬದ ತಳ ಒರೆಸುವ ಕೈ.]

ಕೊನೆಯದಾಗಿ, ವಾಪಸ್ ಬಂದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಡಬ್ಬದ ತಳ ನೋಡಿ. ಗೋಡೆಯ ಮೇಲೆ ಬೆವರಿಳಿದ ನೀರು ಅಲ್ಲಿ ನಿಂತಿರುತ್ತದೆ. ಒರೆಸಿ, ಮುಚ್ಚಳ ತೆರೆದೇ ಇಟ್ಟು ಮಲಗಿ. ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಹೋಗಿಸಲು ಅಡುಗೆ ಸೋಡಾ ಹಾಕಿ ಎರಡು ಮೂರು ಸಲ ತೊಳೆಯಬೇಕಾಗುತ್ತದೆ. ಹಿಂದಿನ ಫ್ಯಾನಿನ ಧೂಳನ್ನು ಹಳೆಯ ಟೂತ್‌ಬ್ರಷ್‌ನಲ್ಲಿ ತೆಗೆಯಿರಿ, ಫ್ಯಾನಿಗೆ ನೀರು ಮಾತ್ರ ತಾಗಿಸಬೇಡಿ.