ಬಾಗಿಲು ತೆರೆದರೆ ಬುಲೆಟ್ ಸೂಪು

ಕೇಳುಗರೆಲ್ಲರಿಗೂ ನಮಸ್ಕಾರ.

ಕೆನಡಾದ ಮ್ಯಾನಿಟೋಬಾ ಬಯಲಲ್ಲಿ ಜನವರಿ ಅಂದರೆ ಮೈ ಕೊರೆಯುವ ಚಳಿ. ಹೊಸ ವರ್ಷದ ಮೊದಲ ದಿನ ಅಲ್ಲಿಯ ಮೆಟೀ ಜನರ ಮನೆಗಳಲ್ಲಿ ಒಂದು ದೊಡ್ಡ ಪಾತ್ರೆ ಒಲೆ ಬಿಟ್ಟು ಇಳಿಯುವುದೇ ಇಲ್ಲ. ಅದರಲ್ಲಿ ಕುದಿಯುವುದು ಬುಲೆಟ್ ಸೂಪು. ಹೆಸರು ಕೇಳಿ ಗುಂಡು ಅಂದುಕೊಳ್ಳಬೇಡಿ. ಬುಲೆಟ್ ಅಂದರೆ ಫ್ರೆಂಚಿನಲ್ಲಿ ಪುಟ್ಟ ಉಂಡೆ.

ಮೆಟೀ ಜನರ ಹಿರಿಯರಲ್ಲಿ ತಾಯಂದಿರು ಹೆಚ್ಚಾಗಿ ಕ್ರೀ, ಒಜಿಬ್ವೆ ಬುಡಕಟ್ಟಿನವರು. ತಂದೆಯಂದಿರು ತುಪ್ಪಳದ ವ್ಯಾಪಾರಕ್ಕೆ ಬಂದ ಫ್ರೆಂಚರು, ಸ್ಕಾಟಿಷರು. ಅವರ ಮಿಚಿಫ್ ಭಾಷೆಯಲ್ಲಿ ಕ್ರಿಯಾಪದಗಳು ಕ್ರೀ, ನಾಮಪದಗಳು ಬಹುಪಾಲು ಫ್ರೆಂಚ್. ಊಟವೂ ಹಾಗೇ ಬೆರೆತದ್ದು.

ಸೂಪು ಮಾಡುವುದು ಸುಲಭ. ಖೀಮಾಕ್ಕೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಉಪ್ಪು, ಕಾಳುಮೆಣಸು ಹಾಕಿ ಕಲಸಿ ಉಂಡೆ ಕಟ್ಟುತ್ತಾರೆ. ಉಂಡೆಗಳನ್ನು ಮೈದಾದಲ್ಲಿ ಹೊರಳಿಸಿ, ಆಲೂಗಡ್ಡೆಯ ಜೊತೆ ಕುದಿಯುವ ನೀರಿಗೆ ಬಿಡುತ್ತಾರೆ. ಮೈಗೆ ಮೆತ್ತಿದ ಹಿಟ್ಟು ಮೆಲ್ಲಗೆ ಬಿಟ್ಟುಕೊಂಡು ನೀರು ಬೆಳ್ಳಗೆ, ಮಂದವಾಗುತ್ತದೆ. ಬೇರೆ ಮಸಾಲೆ ಬೇಕಾಗಿಲ್ಲ. ನೆಂಚಿಕೊಳ್ಳಲು ಬ್ಯಾನಕ್, ಅಂದರೆ ದಪ್ಪನೆಯ ರೊಟ್ಟಿ. ಮಿಚಿಫ್‌ನಲ್ಲಿ ಗಲೆಟ್.

ಆ ದಿನ ಮಕ್ಕಳು ದೊಡ್ಡವರೆನ್ನದೆ ತಂದೆಯ ಮುಂದೆ ಮಂಡಿಯೂರಿ ಆಶೀರ್ವಾದ ಪಡೆಯುವ ರೂಢಿಯಿತ್ತು. ಆಮೇಲೆ ಮನೆಯಿಂದ ಮನೆಗೆ ಹೊರಡುವುದು. ಪ್ರತಿ ಮನೆಯಲ್ಲೂ ಸೂಪು, ಪಿಟೀಲು, ಕುಣಿತ. ಉಣ್ಣದೆ ಎದ್ದರೆ ಮನೆಯವರಿಗೆ ಬೇಜಾರು, ಅಲ್ವಾ?

ಈ ಹಂಚಿ ತಿನ್ನುವ ಅಭ್ಯಾಸ ಹಳೆಯದು. 1840ರ ಬೇಸಿಗೆಯಲ್ಲಿ ಕಾಡೆಮ್ಮೆ ಬೇಟೆಗೆ ರೆಡ್ ರಿವರ್ ಕಡೆಯಿಂದ 1,210 ಗಾಡಿಗಳು, 1,600ಕ್ಕೂ ಜಾಸ್ತಿ ಜನ ಹೊರಟಿದ್ದರು. ಹೆಂಗಸರು, ಮಕ್ಕಳೂ ಜೊತೆಗೇ. ಬೇಟೆಯಾಡಲಾಗದ ಮುದುಕರಿಗೆ, ವಿಧವೆಯರಿಗೂ ಮಾಂಸದ ಪಾಲು ಸಿಗುತ್ತಿತ್ತು. ಉಳಿದ ಮಾಂಸವನ್ನು ಒಣಗಿಸಿ, ಕುಟ್ಟಿ, ಕರಗಿಸಿದ ಕೊಬ್ಬು ಬೆರೆಸಿದರೆ ಪೆಮಿಕನ್. ಅದರ ಒಂದು ತುಂಡನ್ನು ನೀರಲ್ಲಿ ಕುದಿಸಿ, ಒಂದು ಹಿಡಿ ಹಿಟ್ಟು ಹಾಕಿದರೆ ರಬಾಬೂ. ದಾರಿಯಲ್ಲಿ ಅದೇ ಊಟ.

1885ರಲ್ಲಿ ಬಟೋಶ್ ಎಂಬ ಊರಿನಲ್ಲಿ ಕೆನಡಾ ಸರ್ಕಾರದ ಸೈನ್ಯದ ಎದುರು ಕಾದಾಡಿ ಮೆಟೀಗಳು ಸೋತರು. ನಾಯಕ ಲೂಯಿ ರಿಯೆಲ್‌ನನ್ನು ಗಲ್ಲಿಗೇರಿಸಿದರು. ನೆಲ ಕಳೆದುಕೊಂಡ ಎಷ್ಟೋ ಕುಟುಂಬಗಳು ರಸ್ತೆಗೆಂದು ಬಿಟ್ಟ ಪಟ್ಟಿಯಷ್ಟಗಲದ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವು. ಆ ಬಡತನ ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೂ ನೆಂಟರ ಓಡಾಟ ನಿಲ್ಲಲಿಲ್ಲ. ಕಾಡೆಮ್ಮೆ ಇಲ್ಲದಿದ್ದರೆ ಮೊಲ. ಇನ್ನಿಬ್ಬರು ಬಾಗಿಲು ತಟ್ಟಿದರೆ ಎರಡು ಸೌಟು ನೀರು, ಮತ್ತೆರಡು ಆಲೂಗಡ್ಡೆ.

ನಮಸ್ಕಾರ.