ನಳ ಬಂತು, ನೀರು ಎಲ್ಲಿಂದ ಬರಬೇಕು?

[ದೃಶ್ಯ: ವಿಜಯಪುರದ ಹಳೇ ಊರು. ಮನೆಗಳ ನಡುವೆ ಒಂದು ಕಲ್ಲಿನ ಗೋಪುರ.]

ನಮಸ್ಕಾರ. ನನ್ನ ಹಿಂದೆ ಇರುವ ಈ ಗೋಪುರ ನೋಡಿ. ಕಾವಲು ಗೋಪುರ ಅನ್ನಿಸುತ್ತದೆ, ಅಲ್ವಾ? ಅಲ್ಲ. ಇದು ಗಂಜ್. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ, ಆಮೇಲೆ 1651ರ ಬೇಗಂ ತಲಾಬ್ ಕೆರೆಯಿಂದ ನೆಲದಡಿಯಲ್ಲೇ ನೀರು ಊರಿಗೆ ಬರುತ್ತಿತ್ತು. ಒತ್ತಡ ಜಾಸ್ತಿಯಾದರೆ ಕೊಳವೆ ಒಡೆಯುತ್ತದೆ. ಅದಕ್ಕೇ ದಾರಿಯಲ್ಲಿ ಗಂಜ್ ಕಟ್ಟಿದರು. ಒತ್ತಡ ಇಳಿಯುತ್ತಿತ್ತು, ಹೂಳೂ ತಳ ಸೇರುತ್ತಿತ್ತು. ಮೂಲದಿಂದ ಊರೊಳಗಿನ ಕೊನೆಯ ಹೌದಿನವರೆಗೆ, ಅಂದರೆ ತೊಟ್ಟಿಯವರೆಗೆ, ಒಂದೇ ಲೆಕ್ಕ.

ಈಗಿನ ಲೆಕ್ಕಕ್ಕೆ ಬರೋಣ. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದು 'ಮನೆ ಮನೆಗೆ ಗಂಗೆ'. ಹಳ್ಳಿಯ ಪ್ರತಿ ಮನೆಗೂ ನಳ, ತಲೆಗೆ ದಿನಕ್ಕೆ 55 ಲೀಟರ್. ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಊರೊಳಗಿನ ಕೆಲಸಕ್ಕೆ ಜನರ ವಂತಿಗೆ ನೂರಕ್ಕೆ 10. ಪರಿಶಿಷ್ಟರೇ ಅರ್ಧಕ್ಕಿಂತ ಹೆಚ್ಚಿದ್ದರೆ 5.

400 ಮನೆಯ ಒಂದು ಊರು ಅಂದುಕೊಳ್ಳಿ. ಊರೊಳಗಿನ ಕೆಲಸಕ್ಕೆ 1 ಕೋಟಿ. ವಂತಿಗೆ 10 ಲಕ್ಷ. ಮನೆಗೆ 2,500 ರೂಪಾಯಿ. ಕೂಲಿ ಕೆಲಸ ಮಾಡಿಯೂ ಇದನ್ನು ತೀರಿಸಬಹುದು. ಮನೆಗೆ ಐದು ಜನ ಅಂದರೆ ದಿನಕ್ಕೆ ಬೇಕಾದದ್ದು 1,10,000 ಲೀಟರ್.

ಅಷ್ಟು ನೀರು ಎಲ್ಲಿದೆ?

[ದೃಶ್ಯ: ಬೋರ್‌ವೆಲ್, ಪಕ್ಕದಲ್ಲಿ ಸಾಲುಗಟ್ಟಿದ ಕೊಡಗಳು.]

ಬೋರ್ ಕೊರೆಯಬಹುದು. ಬೇಸಿಗೆಯಲ್ಲಿ ಅದು ಬತ್ತುತ್ತದೆ. ಬಂದರೂ ಎಷ್ಟೋ ಕಡೆ ಸವಳು. ಇನ್ನು ಕೆಲವು ಕಡೆ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯುವಂತಿಲ್ಲ. ರುಚಿಯಿಂದ ಅದು ಗೊತ್ತಾಗುವುದಿಲ್ಲ. ಪರೀಕ್ಷೆ ಮಾಡಲು ಪ್ರತಿ ಊರಲ್ಲೂ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕು ಅಂತ ಮಿಷನ್ ಹೇಳುತ್ತದೆ. ಕಿಟ್ ಪಂಚಾಯಿತಿಯ ಬೀರುವಿನಲ್ಲಿ ಸುಮ್ನೆ ಕೂತಿದ್ದರೆ ಹೊರಗೆ ತೆಗೆಸಿ.

ಇನ್ನೊಂದು ದಾರಿ ಹೊಳೆ. ಆಲಮಟ್ಟಿಯಲ್ಲಿ 123 ಟಿಎಂಸಿ ನಿಲ್ಲುತ್ತದೆ. ವಿಜಯಪುರ ನಗರ ಕೊಲ್ಹಾರದ ಹಿನ್ನೀರನ್ನೇ ಕುಡಿಯುತ್ತದೆ. ಹಳ್ಳಿಗಳಿಗೆ ಬಹುಗ್ರಾಮ ಯೋಜನೆ: ಹೊಳೆಯ ನೀರೆತ್ತುವ ಬಾವಿ (ಜಾಕ್‌ವೆಲ್), ಶುದ್ಧೀಕರಣ ಘಟಕ, ಮೇನ್ ಲೈನ್, ಆಮೇಲೆ ಊರೂರಿನ ಟಾಕಿ. ಗಂಜ್‌ನ ಕೆಲಸವನ್ನು ಈಗ ಕಾಂಕ್ರೀಟ್ ತೊಟ್ಟಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ತಕರಾರು ಇಲ್ಲೇ ಶುರು. ಲೈನಿನ ಮೊದಲ ಊರಲ್ಲಿ ವಾಲ್ವ್ ಒಂದು ತಾಸು ಜಾಸ್ತಿ ತೆರೆದರೆ ಕೊನೆಯ ಊರಿನ ನಳದಲ್ಲಿ ಗಾಳಿ ಬರುತ್ತದೆ. ಮೋಟಾರ್ ಸುಟ್ಟಾಗ, ಕರೆಂಟ್ ಬಿಲ್ ಬಾಕಿ ಬಿದ್ದಾಗ ಎಲ್ಲರಿಗೂ ಗಾಳಿಯೇ. ಬಿಲ್ಲಿಗೆ ದುಡ್ಡೇ ಇಲ್ಲ ಅಂತಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಆದರೆ ಈ ದುಡ್ಡು ಬರುವುದು ಪಂಚಾಯಿತಿ ಲೆಕ್ಕದಲ್ಲಿ. ಪೈಪು ಓಡುವುದು ಹತ್ತಾರು ಪಂಚಾಯಿತಿ ದಾಟಿ.

ಇಂಥ ಹಂಚಿಕೆಗೆಂದೇ ಸಂವಿಧಾನದಲ್ಲಿ 243ಝಡ್‌ಡಿ ವಿಧಿ ಇದೆ. ಜಿಲ್ಲಾ ಯೋಜನಾ ಸಮಿತಿಯ ವಿಧಿ. ಹಳ್ಳಿ, ಪಟ್ಟಣಗಳ ಯೋಜನೆಗಳನ್ನು ಸೇರಿಸಿ ಒಂದು ಮಾಡುವಾಗ ನೀರಿನ ಹಂಚಿಕೆಯನ್ನೂ ನೋಡಬೇಕು ಅಂತ ಅಲ್ಲಿ ನೇರವಾಗಿ ಬರೆದಿದೆ. ನನಗಂತೂ ಓದಿ ಆಶ್ಚರ್ಯವಾಯಿತು. ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರನ್ನು ಜಿಲ್ಲಾ ಪಂಚಾಯಿತಿ, ನಗರಸಭೆ ಸದಸ್ಯರೇ ತಮ್ಮೊಳಗಿಂದ ಆರಿಸಬೇಕು. ನಮ್ಮ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

ಹಾಗಾದರೆ ಕೊನೆಯ ಊರಿನವರು ಎಲ್ಲಿ ಕೇಳಬೇಕು? ಸದ್ಯಕ್ಕೆ ಗ್ರಾಮಸಭೆಯಲ್ಲೇ. ಮೇಲಿನ ಊರಿನ ಟಾಕಿಗೆ ಎಷ್ಟು ತಾಸು ನೀರು, ನಮ್ಮ ಟಾಕಿಗೆ ಎಷ್ಟು ತಾಸು? ಬರೆದು ಕೊಡಿ ಅನ್ನಿ. ನಡಾವಳಿ ಪುಸ್ತಕದಲ್ಲಿ ಆ ಪ್ರಶ್ನೆ ಸೇರಿತೋ ಇಲ್ಲವೋ ನೋಡಿಕೊಂಡೇ ಎದ್ದು ಬನ್ನಿ.